ಹೆಸರಿಡಲು ಅಂಜುವವರು, ಎಲ್ಲರಿಗೂ ಅದೇ ಹೆಸರಿಡುವವರು

ಕಳೆದ ವರ್ಷ ನಮ್ಮ ಕಡೆಯ ಒಂದು ಸಾಹಿತ್ಯ ಸಭೆಯಲ್ಲಿ ಭಯೋತ್ಪಾದನೆಯ ಕುರಿತು ವಿಚಾರಗೋಷ್ಠಿ ಇತ್ತು. ಹೊರಗಿನಿಂದ ಬಂದ ಉಪನ್ಯಾಸಕರೊಬ್ಬರು "ಭಯೋತ್ಪಾದನೆಗೆ ಧರ್ಮವಿಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಆಮೇಲೆ ಚಹಾಕ್ಕೆ ಬಿಟ್ಟಾಗ, ಅಂಬೊಡೆಯ ತಟ್ಟೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ಸ್ವರ ತಗ್ಗಿಸಿ, "ಭಾಷಣ ಬೇರೆ, ನಿಜ ಬೇರೆ. ಅವರೆಲ್ಲ ಒಂದೇ ಮಾರಾಯರೇ" ಎಂದರು. ಸುತ್ತ ನಿಂತ ಏಳೆಂಟು ಮಂದಿ ತಲೆಯಾಡಿಸಿದರು. ಒಳಗೆ ಚಪ್ಪಾಳೆ ತಟ್ಟಿದವರೂ ಹೊರಗೆ ತಲೆಯಾಡಿಸಿದವರೂ ಅವರೇ. ಇದನ್ನು ಬರೆಯಲು ಕಾರಣ ಅದು.

ನಾನು ಪಂಡಿತನಲ್ಲ. ಬಿ.ಎ. ಮುಗಿಸಿ ಬ್ಯಾಂಕಿನ ಗುಮಾಸ್ತನಾದವನು. ಕುಂಬಳೆ ಸೀಮೆಯ ಕನ್ನಡ ಮನೆಯಲ್ಲಿ ಹುಟ್ಟಿ, ವರ್ಗಾವಣೆಯ ದೆಸೆಯಿಂದ ಚಂದ್ರಗಿರಿಯ ಆಚೆಗೂ ಈಚೆಗೂ ಕೌಂಟರಿನಲ್ಲಿ ಕುಳಿತವನು. ನನ್ನ ತಕರಾರು ಇಷ್ಟೇ: "ಧರ್ಮವಿಲ್ಲ" ಎನ್ನುವ ಮಾತೂ "ಎಲ್ಲ ಒಂದೇ" ಎನ್ನುವ ಮಾತೂ ಮೇಲ್ನೋಟಕ್ಕೆ ಶತ್ರುಗಳಂತೆ ಕಂಡರೂ ಮಾಡುವ ಕೆಲಸ ಒಂದೇ. ಎರಡೂ ನಮ್ಮನ್ನು ನೋಡುವ ಶ್ರಮದಿಂದ ಪಾರುಮಾಡುತ್ತವೆ.

ನೋಡಬೇಕಾದದ್ದು ದೂರದ ಸಿರಿಯಾದಲ್ಲಿ ಇರಲಿಲ್ಲ. ಕಾಸರಗೋಡಿನಿಂದ ತೆಂಕಕ್ಕೆ ಬಸ್ಸಿನಲ್ಲಿ ಎರಡು ಗಂಟೆಯೊಳಗಿನ ದಾರಿಯಲ್ಲಿ ಇತ್ತು. 2016ರ ಮೇ-ಜೂನ್ ತಿಂಗಳುಗಳಲ್ಲಿ ಪಡನ್ನ, ತೃಕ್ಕರಿಪುರ ಕಡೆಯ ಕೆಲವು ತರುಣ ದಂಪತಿಗಳು ಒಬ್ಬೊಬ್ಬರಾಗಿ ಮನೆ ಬಿಟ್ಟರು. ವ್ಯಾಪಾರಕ್ಕೆ ಹೋಗುತ್ತೇವೆ ಎಂದವರು ಕೆಲವರು, ಶ್ರೀಲಂಕಾದಲ್ಲಿ ಧರ್ಮ ಕಲಿಯಲು ಎಂದವರು ಕೆಲವರು. ಜುಲೈಯಲ್ಲಿ ಮನೆಯವರ ಮೊಬೈಲಿಗೆ ಸಂದೇಶ ಬಂತು: ನಾವು ಇಸ್ಲಾಮಿನ ರಾಜ್ಯ ತಲಪಿದ್ದೇವೆ, ಇನ್ನು ಮರಳುವುದಿಲ್ಲ. ಕಾಣೆಯಾದವರು 21 ಮಂದಿ, ಅವರಲ್ಲಿ 17 ಮಂದಿ ಕಾಸರಗೋಡು ಜಿಲ್ಲೆಯವರು ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಆ ತಿಂಗಳೇ ವಿಧಾನಸಭೆಗೆ ತಿಳಿಸಿದರು. ಅವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಹೋದದ್ದು ಅಫಘಾನಿಸ್ತಾನದ ನಂಗರ್ಹಾರ್‌ಗೆ, ಐಸಿಸ್‌ನ ಖುರಾಸಾನ್ ಶಾಖೆಗೆ. ಮುಂದಾಳು ಎಂದು ಎನ್‌ಐಎ ಹೇಳಿದ ಅಬ್ದುಲ್ ರಶೀದ್ ಅಬ್ದುಲ್ಲ ಎಂಜಿನಿಯರಿಂಗ್ ಓದಿದವನು. ಜೊತೆಗಿದ್ದವರಲ್ಲಿ ವೈದ್ಯನೂ ಇದ್ದ. ಹೊಟ್ಟೆಗಿಲ್ಲದೆ ಹೋದರು ಎನ್ನುವಂತಿಲ್ಲ, ಓದು ಬರಹ ತಿಳಿಯದೆ ಹೋದರು ಎನ್ನುವಂತೆಯೂ ಇಲ್ಲ. ನಮ್ಮ ಪ್ರಗತಿಪರ ಮಿತ್ರರ ಸಿದ್ಧ ಉತ್ತರಗಳೆರಡೂ ಇಲ್ಲಿ ಕೈಕೊಟ್ಟವು.

ಈಗ ಒಂದು ಸಂಗತಿ. ಚಂದೇರ ಪೊಲೀಸ್ ಠಾಣೆಗೆ ಹೋಗಿ ಮೊದಲು ದೂರು ಬರೆದುಕೊಟ್ಟವರು ಯಾರು? ರಶೀದನ ತಂದೆಯೇ. ಮಗನ ಹೆಸರಿನಲ್ಲಿ ಠಾಣೆಯ ಮೆಟ್ಟಿಲು ಹತ್ತಿದ ಆ ತಂದೆಯ ಕುರಿತು ನಾವು ಒಂದು ಸಭೆ ನಡೆಸಿದ್ದುಂಟೇ? ಚಹಾದ ತಟ್ಟೆ ಹಿಡಿದು "ಎಲ್ಲ ಒಂದೇ" ಎಂದ ಹಿರಿಯರ ಲೆಕ್ಕದಲ್ಲಿ ಆ ತಂದೆಯೂ ಮಗನೂ ಒಂದೇ. "ಧರ್ಮವಿಲ್ಲ" ಎಂದ ಉಪನ್ಯಾಸಕರ ಲೆಕ್ಕದಲ್ಲಿ ಆ ತಂದೆಗೆ ಹೇಳಲು ಏನೂ ಇಲ್ಲ; ಮಗ ಕೆಟ್ಟದ್ದು ಯಾವ ದಾರಿಯಿಂದ ಎಂಬ ಪ್ರಶ್ನೆಯನ್ನೇ ಅವರು ಮುಚ್ಚಿಬಿಟ್ಟಿದ್ದಾರೆ.

ಇದನ್ನೆಲ್ಲ ನ್ಯಾಯಾಧೀಶನ ಪೀಠದಲ್ಲಿ ಕುಳಿತು ಹೇಳುತ್ತಿಲ್ಲ. 2016ರ ಆ ಮಳೆಗಾಲದಲ್ಲಿ ನಾನು ತೆಂಕಣ ಭಾಗದ ಒಂದು ಶಾಖೆಯಲ್ಲಿದ್ದೆ. ಶಾಖೆಯ ಹೆಸರು ಬೇಡ; ತಪ್ಪು ನನ್ನದು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಶಿಕ್ಷಣ ಸಾಲದ ಅರ್ಜಿ ತಂದ. ಕಾಗದಪತ್ರ ಎಲ್ಲ ಸರಿಯಿತ್ತು. ವಿಳಾಸ ನೋಡಿದೆ, ಹೆಸರು ನೋಡಿದೆ, ಆಗಷ್ಟೇ ಮೂಡುತ್ತಿದ್ದ ಗಡ್ಡವನ್ನೂ ನೋಡಿದೆ. ನಿಯಮದಲ್ಲಿಲ್ಲದ ಒಂದು ಪ್ರಮಾಣಪತ್ರ ಕೇಳಿದೆ. ಅದನ್ನು ತಂದ. ಇನ್ನೊಂದು ಕೇಳಿದೆ. ಮೂರನೆಯ ಸಲ ಅವನ ಉಮ್ಮ ಜೊತೆಗೆ ಬಂದರು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಇನಿ ಎಂದ್ ಕಡಲಾಸಾ ಮೋನೇ ವೇಂಡದ್?" ಎಂದು ಕೇಳಿದರು. ಇನ್ನು ಯಾವ ಕಾಗದ ಬೇಕು ಮಗನೇ ಎಂದು. ಸಿಟ್ಟಿನಿಂದಲ್ಲ. ನನಗೆ ನಿಜವಾಗಿಯೂ ಒಂದು ಕಾಗದ ಬೇಕಾಗಿದೆ, ಅದರ ಹೆಸರು ತಮಗೆ ತಿಳಿಯದು ಎಂದೇ ಅವರು ನಂಬಿದ್ದರು.

ಅರ್ಜಿ ಮುಂದೆ ಕಳುಹಿಸಿದೆ, ಸಾಲವೂ ಮಂಜೂರಾಯಿತು. ಆದರೆ ಹುಡುಗನ ಕಾಲೇಜಿನ ಮೊದಲ ಕಂತು ತಡವಾದದ್ದು ನನ್ನ ಕೈಯಿಂದ. ಎಷ್ಟು ಮೂರ್ಖತನದ ಎಚ್ಚರಿಕೆ ಅದು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಹೋದವರೆಲ್ಲ ಸರಿಯಾದ ಪಾಸ್‌ಪೋರ್ಟು, ಸರಿಯಾದ ವೀಸಾ ಹಿಡಿದು, ಬೆಂಗಳೂರು, ಹೈದರಾಬಾದು, ಮುಂಬಯಿಗಳ ವಿಮಾನ ನಿಲ್ದಾಣಗಳಿಂದ ಮರ್ಯಾದಸ್ಥರಾಗಿ ಹೋದವರು. ನಾನು ಕೇಳಿದಂಥ ಹತ್ತು ಕಾಗದಗಳನ್ನು ಅವರು ನಗುತ್ತ ಕೊಡುತ್ತಿದ್ದರು. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ರಿಕ್ಷಾದೊಳಗೆ ಕುಕ್ಕರ್ ಬಾಂಬು ಸಿಡಿಯಿತಲ್ಲ, ಅದರಿಂದ ಪಾಠ ಕಲಿಯುವುದಾದರೂ ಇದನ್ನೇ. ತೀರ್ಥಹಳ್ಳಿಯ ಆ ಆರೋಪಿ ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದದ್ದು ಒಬ್ಬ ಹಿಂದುವಿನ ಆಧಾರ್ ಕಾರ್ಡು ತೋರಿಸಿ ಎಂದು ಪೊಲೀಸರು ಹೇಳಿದರು. ಹೆಸರು ನೋಡಿ ಹೆದರುವ ಗುಮಾಸ್ತ ಅವನಿಗೆ ನಮಸ್ಕಾರ ಹೇಳಿ ಖಾತೆ ತೆರೆದುಕೊಡುತ್ತಿದ್ದ. ಗಾಯಗೊಂಡ ರಿಕ್ಷಾ ಚಾಲಕನಿಗೆ ಹತ್ತಿಸಿಕೊಂಡದ್ದು ಯಾರನ್ನೆಂದು ಹೇಗೆ ತಿಳಿಯಬೇಕು?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಮ್ಮೆಗೆ ನೋವಾದದ್ದು ಒಂದು ಪಾಪ. ಎತ್ತಿನ ಜ್ವರ ಹಾಗೆಯೇ ಉಳಿದದ್ದು ಇನ್ನೊಂದು. ಈ ಎರಡನೆಯದನ್ನು ನಾವು ಯೋಚಿಸುವುದೇ ಇಲ್ಲ.

ಹಾಗಾದರೆ ಜ್ವರದ ಹೆಸರೇನು? ಎರಡು ಭಾಷೆಯ ಈ ಸಂಚಿಕೆಯಲ್ಲಿ ಮಾತಿನ ವಿಚಾರ ಎತ್ತುವುದು ತಪ್ಪಾಗಲಾರದು. ಮಲಯಾಳದಲ್ಲಿ 'ತೀವ್ರವಾದಂ' ಎನ್ನುತ್ತಾರೆ, 'ಭೀಕರವಾದಂ' ಎಂದೂ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಎರಡೂ ಬೆರೆತುಹೋಗಿವೆ. ನಮ್ಮಲ್ಲಿ 'ಉಗ್ರವಾದ', 'ಭಯೋತ್ಪಾದನೆ'. ತಲೆಬರಹದ ಜಾಗ ಉಳಿಸಲು 'ಉಗ್ರ' ಎಂದಷ್ಟೇ ಅಚ್ಚುಹಾಕುವವರೂ ಇದ್ದಾರೆ. (ಉಗ್ರನರಸಿಂಹನ ಭಕ್ತರು ಕ್ಷಮಿಸಬೇಕು.) ತೀವ್ರ, ಉಗ್ರ ಎಂಬವು ನಂಬಿಕೆಯ ಕಾವನ್ನು ಹೇಳುವ ಮಾತುಗಳು. 'ಭಯೋತ್ಪಾದನೆ' ಹಾಗಲ್ಲ, ಭಯವನ್ನು ಉತ್ಪಾದಿಸುವುದು ಎಂದು ಕೃತ್ಯವನ್ನು ಹೇಳುತ್ತದೆ. ನಮ್ಮ ಪದವೇ ಅರ್ಧ ವ್ಯಾಖ್ಯೆ.

ಕೊಂದದ್ದು ಹತ್ತು ಜನರನ್ನು, ಹೆದರಬೇಕಾದದ್ದು ಹತ್ತು ಲಕ್ಷ ಜನ. ಹೆದರಿಸಿ ತನ್ನ ಕಟ್ಟಳೆಗೆ ಊರನ್ನು ಬಗ್ಗಿಸುವುದು ಉದ್ದೇಶ. ಸಾಯುವವರು ಯುದ್ಧಕ್ಕೆ ಬಾರದ ಜನ. ಇಷ್ಟು ಕೂಡಿದರೆ ಅದು ಭಯೋತ್ಪಾದನೆ. ನಮ್ಮ ಯುಎಪಿಎ ಕಾಯಿದೆಯ 15ನೇ ಕಲಮಿನಲ್ಲಿಯೂ ಯಾವ ಮತದ ಹೆಸರೂ ಇಲ್ಲ. ಕೃತ್ಯ ಮತ್ತು ಉದ್ದೇಶ ಎರಡನ್ನೇ ಅದು ಕೇಳುತ್ತದೆ. ಆದರೆ ಅದರಲ್ಲಿ ಹೆದರಿಸುವ ಉದ್ದೇಶ ಮಾತ್ರವಲ್ಲ, ಏಕತೆಗೆ ಧಕ್ಕೆ ತರುವ, ಜನರನ್ನು ಹೆದರಿಸುವ 'ಸಂಭವವಿರುವ' ಕೃತ್ಯ ಎಂಬ ಸಡಿಲ ಮಾತೂ ಸೇರಿಕೊಂಡಿದೆ. 1956ರ ನವೆಂಬರ್ 1ರ ಮರುದಿನದಿಂದ ನಮ್ಮ ಹಿರಿಯರು ಗಡಿಯ ಕುರಿತು ಆಡಿದ ಮಾತುಗಳಿಗೆ ಇಂಥ ಸಡಿಲ ಪದವನ್ನು ಹೊಂದಿಸಲು ಎಷ್ಟು ಹೊತ್ತು ಬೇಕಿತ್ತು? ಅಲ್ಪಸಂಖ್ಯಾತನಾದವನು ಸಡಿಲ ವ್ಯಾಖ್ಯೆಯನ್ನು ಕಂಡರೆ ಎರಡು ಸಲ ಓದಬೇಕು. ಜಗತ್ತೂ ಇದರಲ್ಲಿ ನಮಗಿಂತ ಜಾಣವಾಗಿಲ್ಲ. 1996ರಲ್ಲಿ ಭಾರತ ವಿಶ್ವಸಂಸ್ಥೆಯಲ್ಲಿ ಮುಂದಿಟ್ಟ ಸಮಗ್ರ ಒಪ್ಪಂದ ದಶಕಗಳ ಕಾಲ ಸಿಕ್ಕಿಬಿದ್ದದ್ದು ಭಯೋತ್ಪಾದಕ ಯಾರು ಎಂಬ ವ್ಯಾಖ್ಯೆಯ ಜಗಳದಲ್ಲಿ.

ಕೃತ್ಯಕ್ಕೆ ಮತವಿಲ್ಲ, ಸರಿ. ಆದರೆ ಕೃತ್ಯಕ್ಕೆ ಜನ ಕೂಡಿಸುವ ಪಾಠಕ್ಕೆ? ಅದಕ್ಕೆ ಹೆಸರಿದೆ, ವಿಳಾಸವಿದೆ. ಐಸಿಸ್ ತರುಣರನ್ನು ಸೆಳೆದದ್ದು ಧರ್ಮದ ಮಾತಿನಿಂದಲೇ. ಈ ನೆಲ ನಂಬಿಕೆಯಿಲ್ಲದವರದು, ಇಲ್ಲಿ ಬಾಳುವುದು ಪಾಪ, ಹಿಜ್ರಾ ಹೋಗಬೇಕು. ನಮ್ಮಂತೆ ನಂಬದ ಮುಸ್ಲಿಮನೂ ಮುಸ್ಲಿಮನಲ್ಲ. ಈ ಕೊನೆಯದಕ್ಕೆ ತಕ್ಫೀರ್ ಎಂದು ಹೆಸರು. ಇದನ್ನು 'ಧರ್ಮಕ್ಕೆ ಸಂಬಂಧವಿಲ್ಲದ್ದು' ಎಂದು ನಾವು ತಳ್ಳಿಹಾಕಿದರೆ, 2014ರಲ್ಲಿ ಬಗ್ದಾದಿಗೆ ಬಹಿರಂಗ ಪತ್ರ ಬರೆದು ಧರ್ಮಗ್ರಂಥದ ಆಧಾರದಿಂದಲೇ ಅವನನ್ನು ಖಂಡಿಸಿದ 120ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಮಾಡಿದ್ದೇನು, ವ್ಯರ್ಥ ಕಾಲಕ್ಷೇಪವೇ? ರೋಗ ಇರುವುದು ಎಲ್ಲಿ ಎಂದು ಅವರು ಗುರುತಿಸಿದ್ದರು. ನಾವು ಮಾತ್ರ ಸೌಜನ್ಯದ ಹೆಸರಿನಲ್ಲಿ ಬೇರೆ ಕಡೆ ನೋಡುತ್ತಿದ್ದೇವೆ.

ತಕ್ಫೀರಿನ ಮೊದಲ ಬಲಿ ಯಾರು ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಂಜೇಶ್ವರದ ಉದ್ಯಾವರ ಮಾಡದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮೊದಲು ದೈವಪಾತ್ರಿಗಳು ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಡುವ ಕ್ರಮವನ್ನು ನಾವು ಕಂಡವರು. ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಭೂತಕ್ಕೆ ಕೋಲ ಕಟ್ಟುತ್ತಾರೆ. ಉಳ್ಳಾಲದ ದರ್ಗಾಕ್ಕೆ ನಮ್ಮ ಮನೆಗಳಿಂದಲೂ ಹರಕೆ ಹೋಗುತ್ತದೆ. ಇದನ್ನು ನಾನು ಸೌಹಾರ್ದದ ಚಿತ್ರಪಟವಾಗಿ ತೋರಿಸುತ್ತಿಲ್ಲ. ಅಂಥ ಚಿತ್ರಪಟ ನಮ್ಮ ಪ್ರತಿ ಸ್ಮರಣ ಸಂಚಿಕೆಯಲ್ಲೂ ಇದೆ. ಆಮಂತ್ರಣ ಸ್ವೀಕರಿಸುವ ಆ ಜಮಾಅತಿನ ಹಿರಿಯನೇ ಐಸಿಸ್ ಪಾಠದ ಪ್ರಕಾರ ಮೊದಲ ಅಪರಾಧಿ. ನನ್ನ ಸರದಿ ಅವನ ನಂತರ. ಅಫಘಾನಿಸ್ತಾನದಲ್ಲಿ ಆದದ್ದೂ ಇದೇ. ಐಸಿಸ್ ಅಲ್ಲಿ ಹೆಚ್ಚಾಗಿ ಕೊಂದದ್ದು ಮುಸ್ಲಿಮರನ್ನು, ಶಿಯಾ ಹಜಾರಾಗಳ ಮಸೀದಿಗಳಲ್ಲಿ, ಶಾಲೆಗಳಲ್ಲಿ. 2020ರ ಮಾರ್ಚ್ 25ರಂದು ಕಾಬೂಲಿನ ಗುರುದ್ವಾರದಲ್ಲಿ 25 ಮಂದಿ ಸತ್ತಾಗ ದಾಳಿಕೋರರಲ್ಲಿ ಒಬ್ಬ ತೃಕ್ಕರಿಪುರದವನೆಂದು ಸುದ್ದಿಯಾಯಿತು. ಅದೇ ಆಗಸ್ಟಿನಲ್ಲಿ ಜಲಾಲಾಬಾದಿನ ಜೈಲಿನ ಮೇಲೆ ನಡೆದ ದಾಳಿಯಲ್ಲಿ ಪಡನ್ನದ ಆ ವೈದ್ಯನೂ ಇದ್ದನೆಂದು ವರದಿಗಳು ಬಂದವು. ಹಿಜ್ರಾ ಹೋದವರ ಹೆಂಡಿರಲ್ಲಿ ಕೆಲವರು ವಿಧವೆಯರಾಗಿ ಕಾಬೂಲಿನ ಜೈಲು ಸೇರಿದರು. ಅಲ್ಲಿ ಬೆಳೆದ ಮಕ್ಕಳಿಗೆ ಯಾವ ದೇಶ, ಯಾವ ಭಾಷೆ? ತೆಂಕಣ ಕಾಸರಗೋಡಿನ ಅಜ್ಜ-ಅಜ್ಜಿಯರು ಕೇಳಿಕೊಳ್ಳುವ ಪ್ರಶ್ನೆ ಇದು.

ನಮ್ಮ ಶಾಖೆಯಲ್ಲಿದ್ದ ಹಿರಿಯ ಕ್ಯಾಷಿಯರರನ್ನು ನಾವೆಲ್ಲ 'ಇಚ್ಚ' ಎಂದೇ ಕರೆಯುತ್ತಿದ್ದೆವು. ಅವರೊಡನೆ ಈ ವಿಚಾರದಲ್ಲಿ ನನಗೆ ಹಲವು ಮಧ್ಯಾಹ್ನ ಜಗಳವಾಗಿದೆ. "ಸಾರೇ, ನೀವು ಹೇಳುವುದು ಪುಸ್ತಕದಲ್ಲಿ ಸರಿ" ಎನ್ನುತ್ತಿದ್ದರು. "ಭಯೋತ್ಪಾದನೆಯ ಮುಂದೆ ನೀವು ಇಸ್ಲಾಂ ಎಂಬ ಪದ ಇಟ್ಟ ದಿನ ನನ್ನ ಮಗನಿಗೆ ಮಂಗಳೂರಿನಲ್ಲಿ ಬಾಡಿಗೆ ಕೋಣೆ ಸಿಗುವುದಿಲ್ಲ. ನಿಮ್ಮ ಸೂಕ್ಷ್ಮವೆಲ್ಲ ಮನೆ ಯಜಮಾನನಿಗೆ ಎಲ್ಲಿ ತಿಳಿಯುತ್ತದೆ?" ನಾನು ಕೇಳಿದೆ, "ಪದ ಇಡದಿದ್ದರೆ ನಿಮ್ಮ ಮಗನ ಪಕ್ಕ ಕುಳಿತು ಕಿವಿಯಲ್ಲಿ ಊದುವವನನ್ನು ಯಾರು ಗುರುತಿಸುತ್ತಾರೆ, ಇಚ್ಚಾ?" ಅವರು ಕಟ್ಟು ಎಣಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ಗುರುತಿಸುವುದು ನಾವೇ. ಆದರೆ ಗುರುತಿಸಿ ಯಾರಿಗೆ ಹೇಳಬೇಕು ಎಂಬುದು ಪ್ರಶ್ನೆ" ಎಂದರು.

ಇಡೀ ವಾದದ ಗಂಟು ಇಲ್ಲಿದೆ ಎಂದು ನನಗನಿಸುತ್ತದೆ. ಮಗನಲ್ಲಿ ಬದಲಾವಣೆ ಮೊದಲು ಕಾಣುವುದು ಮನೆಯವರಿಗೆ. ಸಂಗೀತ ಬಿಟ್ಟ, ಬಂಧುಗಳ ಮದುವೆಗೆ ಬರಲೊಲ್ಲೆ ಎಂದ, ಊರ ಉಸ್ತಾದರ ಹಿಂದೆ ನಮಾಜು ಸಲ್ಲದು ಎಂದ. ಇವು ಯಾವುವೂ ಅಪರಾಧವಲ್ಲ; ಆಗಬಾರದು ಕೂಡ. ಕಟ್ಟುನಿಟ್ಟಿನ ಭಕ್ತನನ್ನೆಲ್ಲ ಭಯೋತ್ಪಾದಕ ಎಂದರೆ ನಮ್ಮ ಮನೆಗಳ ಮಡಿ ಅಜ್ಜಿಯಂದಿರ ಗತಿಯೇನು? ಆದರೆ ತಂದೆತಾಯಿಗೆ ಎದೆ ಹೊಡೆದುಕೊಳ್ಳುವ ಒಂದು ಕ್ಷಣ ಬರುತ್ತದೆ. ಆಗ ಠಾಣೆಗೆ ಹೋದರೆ ಮಗ ಹತ್ತು ವರ್ಷ ವಿಚಾರಣೆಯಿಲ್ಲದೆ ಕೊಳೆಯುತ್ತಾನೆ, ತಮ್ಮನ ಪಾಸ್‌ಪೋರ್ಟು ನಿಲ್ಲುತ್ತದೆ, ನೆರೆಯವರು ಮಾತು ಬಿಡುತ್ತಾರೆ ಎಂದಾದರೆ ಯಾರು ಹೋಗುತ್ತಾರೆ? ಈ ಹೆದರಿಕೆ ಕಲ್ಪನೆಯದಲ್ಲ. 58 ಮಂದಿಯ ಪ್ರಾಣ ತೆಗೆದ 1998ರ ಕೊಯಮತ್ತೂರು ಸ್ಫೋಟದ ಪ್ರಕರಣದಲ್ಲಿ ಅಬ್ದುಲ್ ನಾಸರ್ ಮದನಿ ಒಂಬತ್ತು ವರ್ಷಕ್ಕೂ ಮೇಲ್ಪಟ್ಟು ಜೈಲಿನಲ್ಲಿದ್ದು 2007ರಲ್ಲಿ ಖುಲಾಸೆಯಾದರು. ಆ ಮನುಷ್ಯನ ಅಂದಿನ ಭಾಷಣಗಳನ್ನು ನಾನು ಸಮರ್ಥಿಸುವವನಲ್ಲ. ಆದರೆ ಆ ಒಂಬತ್ತು ವರ್ಷ ತೀವ್ರವಾದಿಗಳಿಗೆ ಎಷ್ಟು ಒಳ್ಳೆಯ ಪ್ರಚಾರ ಸಾಮಗ್ರಿಯಾಯಿತು ಎಂದು ಲೆಕ್ಕ ಹಾಕಿದವರಿಲ್ಲ.

ಇಷ್ಟಾದರೂ ಹೋದವರಿದ್ದಾರೆ. 2008ರಲ್ಲಿ ಕುಪ್ವಾರದಲ್ಲಿ ಸತ್ತ ಕಣ್ಣೂರಿನ ತರುಣನ ತಾಯಿ, ದೇಶಕ್ಕೆ ಎರಡು ಬಗೆದ ಮಗನ ಮುಖ ತನಗೆ ನೋಡಬೇಕಿಲ್ಲ ಎಂದು ಹೇಳಿದ್ದನ್ನು ಪತ್ರಿಕೆಗಳು ಬರೆದವು. ತೊಡುಪುಳದ ಕಾಲೇಜು ಅಧ್ಯಾಪಕ ಟಿ.ಜೆ. ಜೋಸೆಫರ ಕೈಯನ್ನು 2010ರ ಜುಲೈ 4ರಂದು ಕಡಿದು ಎಸೆದಾಗ ಅವರಿಗೆ ರಕ್ತ ಕೊಟ್ಟವರಲ್ಲಿ ಮುಸ್ಲಿಂ ತರುಣರೂ ಇದ್ದರು. ಅವರನ್ನು ಕೆಲಸದಿಂದ ತೆಗೆದುಹಾಕಿದ್ದು ಅವರ ಸ್ವಂತ ಮತದವರು ನಡೆಸುವ ಕಾಲೇಜು. ಭಯ ಯಾರ ಮನೆಯಲ್ಲಿ ಉತ್ಪಾದನೆಯಾಗಿ ಯಾರ ಮನೆಯಲ್ಲಿ ಫಲ ಕೊಡುತ್ತದೆ ನೋಡಿ.

ಇನ್ನು ನಮ್ಮ ಕಡೆಗೆ ಬರೋಣ. 2017ರ ಮಾರ್ಚ್ 20ರ ರಾತ್ರಿ ಕಾಸರಗೋಡು ಹಳೆ ಚೂರಿಯ ಮಸೀದಿಗೆ ತಾಗಿದ ಕೋಣೆಯಲ್ಲಿ ಮದರಸಾ ಅಧ್ಯಾಪಕ ರಿಯಾಸ್ ಮೌಲವಿಯವರ ಕತ್ತು ಕೊಯ್ದು ಕೊಂದರು. ಆತ ಕೊಡಗಿನವರು, ನಮ್ಮ ಸೀಮೆಗೆ ಅನ್ನ ಹುಡುಕಿ ಬಂದ ಕರ್ನಾಟಕದ ಮನುಷ್ಯ. ಯಾರೊಡನೆಯೂ ಜಗಳವಿದ್ದವರಲ್ಲ. ಆರೆಸ್ಸೆಸ್ ಕಾರ್ಯಕರ್ತರೆನ್ನಲಾದ ಮೂವರನ್ನು ಹಿಡಿದರು; ಏಳು ವರ್ಷ ಜೈಲಿನಲ್ಲಿದ್ದ ಅವರನ್ನು 2024ರ ಮಾರ್ಚ್ 30ರಂದು ಜಿಲ್ಲಾ ನ್ಯಾಯಾಲಯ ಬಿಡುಗಡೆ ಮಾಡಿತು, ಸರಕಾರ ಮೇಲ್ಮನವಿಗೆ ಹೋಯಿತು. ಕೊಂದವರು ಯಾರೆಂದು ನಾನು ಹೇಳಲಾರೆ. ಕೃತ್ಯದ ಕುರಿತು ಹೇಳಬಲ್ಲೆ. ಕುರಾನು ಕಲಿಸುವವನನ್ನು ಕುರಾನು ಕಲಿಸುವವನು ಎಂಬ ಒಂದೇ ಕಾರಣಕ್ಕೆ ಕೊಂದದ್ದಾದರೆ, ಅದರ ಉದ್ದೇಶ ಒಬ್ಬನ ಸಾವಲ್ಲ, ಊರಿನ ಒಂದು ಸಮುದಾಯದ ನಿದ್ದೆಗೇಡು. ಮೇಲೆ ನಾನು ಹಿಡಿದ ಅಳತೆಗೋಲು ಇದಕ್ಕೂ ಸರಿಯಾಗಿ ಹೊಂದುತ್ತದೆ. ಆಗ ನಮ್ಮ ಕನ್ನಡ ಮನೆಗಳ ಜಗಲಿಯಲ್ಲಿ ಎಷ್ಟು ಜನ 'ಭಯೋತ್ಪಾದನೆ' ಎಂಬ ಪದ ಬಳಸಿದರು? ನಾನೂ ಬಳಸಲಿಲ್ಲ. 'ಕೊಲೆ' ಎಂದೆ. ಪಡನ್ನದ ಹುಡುಗರಿಗೆ ಕೂಡಲೇ ಒದಗಿದ ಪದ ಚೂರಿಯ ರಾತ್ರಿಗೆ ಬಾಯಿಗೆ ಬರಲಿಲ್ಲ. ಹೀಗೆ ಅರ್ಧ ಗೋಲು ಹಿಡಿದು ಅಳೆಯುವವನು ಇಚ್ಚನವರಿಗೆ "ನೀವು ಹೆಸರು ಹೇಳಿ" ಎಂದು ಯಾವ ಮುಖದಿಂದ ಹೇಳುವುದು?

ಅಳತೆ ಎರಡೂ ಕಡೆ ನಡೆದರೆ ಮಾತ್ರ ಒಳಗಿನಿಂದ ಮಾತಾಡುವವರಿಗೆ ನೆಲೆ. ಕನ್ನಡಕ್ಕೆ ಇದು ಗೊತ್ತಿಲ್ಲದ ವಿಚಾರವಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಕಲಿತ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ತನ್ನ ಸಮುದಾಯದ ಗಂಡಸರ, ಪುರೋಹಿತರ ಕಟ್ಟಳೆಯನ್ನು ಪ್ರಶ್ನಿಸಿದರು. ಅದಕ್ಕಾಗಿ ಪುತ್ತೂರಿನ ಸಭೆಯಲ್ಲಿ ಹಲ್ಲೆಯನ್ನೂ ಎದುರಿಸಿದರು. ಅದೇ ಸಾರಾ ಹಿಂದೂ ಕೋಮುವಾದವನ್ನು ಟೀಕಿಸಿದಾಗ, ಅವರ ಮೊದಲ ಪುಸ್ತಕ ಮೆಚ್ಚಿದ ನಮ್ಮವರಲ್ಲಿ ಕೆಲವರಿಗೆ ಅವರು ಬೇಡವಾದರು. 2023ರ ಜನವರಿಯಲ್ಲಿ ತೀರಿಕೊಂಡಾಗ ಮತ್ತೆ ಎಲ್ಲರಿಗೂ ಬೇಕಾದರು. ನಮಗೆ ಬೇಕಾದದ್ದು ಮುಸ್ಲಿಮರ ಆತ್ಮವಿಮರ್ಶೆಯೋ, ನಮ್ಮ ಪೂರ್ವಗ್ರಹಕ್ಕೆ ಮುಸ್ಲಿಮರ ರುಜುವೋ?

ಇನ್ನೊಂದು ಲೆಕ್ಕವನ್ನು ಕನ್ನಡ ಮನೆಗಳೇ ಕೇಳಬೇಕು. ನಾನು ಕಲಿತ ಕನ್ನಡ ಮಾಧ್ಯಮ ಶಾಲೆಯ ಹಾಜರಿ ಪುಸ್ತಕ ನೋಡಿದ್ದೇನೆ. ಅರ್ಧಕ್ಕಿಂತ ಹೆಚ್ಚು ಹೆಸರುಗಳು ಮುಸ್ಲಿಂ ಮಕ್ಕಳವು: ಮನೆಯಲ್ಲಿ ಬ್ಯಾರಿ, ಮಲಯಾಳ, ಉಪ್ಪಳದ ಕಡೆಯವರಾದರೆ ಉರ್ದು, ಶಾಲೆಯಲ್ಲಿ ಕನ್ನಡ. ನಮ್ಮ ಮಕ್ಕಳನ್ನು ನಾವು ಇಂಗ್ಲಿಷಿಗೆ ಕಳುಹಿಸಿದ ಮೇಲೆ ಆ ಡಿವಿಜನ್ ಉಳಿದದ್ದು ಆ ಮಕ್ಕಳ ತಲೆಯೆಣಿಕೆಯಿಂದ. "ಎಲ್ಲ ಒಂದೇ" ಎಂದು ತಲೆಯಾಡಿಸಿದ ಏಳೆಂಟು ಮಂದಿಯಲ್ಲಿ ಇಬ್ಬರು ಅದೇ ಶಾಲೆಯ ಹಳೆ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳು.

ಎದುರಿಸುವುದು ಹೇಗೆ ಎಂದರೆ ನನ್ನಲ್ಲಿ ದೊಡ್ಡ ಯೋಜನೆಯಿಲ್ಲ. ಬಾಂಬು ಇಟ್ಟವನಿಗೆ, ಇಡಲು ಕಲಿಸಿದವನಿಗೆ ಕಾನೂನಿನ ಪೂರ್ತಿ ಭಾರ ಬೀಳಲಿ, ಬೇಗ ಬೀಳಲಿ. 2018ರಲ್ಲಿ ಕೊಚ್ಚಿಯ ಎನ್‌ಐಎ ನ್ಯಾಯಾಲಯ ಈ ಪಡನ್ನ ಪ್ರಕರಣದಲ್ಲಿ ಮೊದಲ ಶಿಕ್ಷೆ ವಿಧಿಸಿದ್ದು ಎರಡು ವರ್ಷದೊಳಗೆ. ಅಂದರೆ ಮನಸ್ಸಿದ್ದರೆ ಬೇಗ ಆಗುತ್ತದೆ. ಮಗನ ಕುರಿತು ಎಚ್ಚರಿಸಲು ಬರುವ ತಂದೆಗೆ ಠಾಣೆಯಲ್ಲಿ ಕುರ್ಚಿ ಇರಲಿ, ಊರಿನಲ್ಲಿ ಮಾತಾಡುವವರಿರಲಿ. ಮಸೀದಿಯ ಮಿಂಬರಿನಿಂದ ಆಗಬೇಕಾದ ಮಾತನ್ನು ನಾನು ಆಡಲಾರೆ, ಆಡಬೇಕಾದವರಿಗೆ ಆಡಲು ಜಾಗ ಕೊಡಬಲ್ಲೆ. ಕೌಂಟರಿನಲ್ಲಿ ಮಾತ್ರ ನಿಯಮದಲ್ಲಿರುವ ಕಾಗದವನ್ನಷ್ಟೇ ಕೇಳುತ್ತೇನೆ. ಎಲ್ಲರಿಂದಲೂ ಕೇಳುತ್ತೇನೆ.

ಈ ವರ್ಷದ ಸಭೆಗೆ ಸಮಿತಿಯವರು ಸಲಹೆ ಕೇಳಿದ್ದರು. ದೂರದಿಂದ ಉಪನ್ಯಾಸಕರನ್ನು ಕರೆಸುವುದು ಬೇಡ, ಚಂದ್ರಗಿರಿಯ ಆಚೆಯಿಂದ ಮಗನನ್ನು ಕಳಕೊಂಡ ಒಂದು ಮನೆಯವರು ಬರಲು ಒಪ್ಪುವರೋ ಕೇಳೋಣ, ಚೂರಿಯ ಜಮಾಅತಿನವರನ್ನೂ ಕರೆಯೋಣ, ಭಾಷಣ ಬೇಡ, ಕೇಳಿಸಿಕೊಳ್ಳೋಣ, ಚಹಾ ಕೊನೆಯಲ್ಲಿ ಇಡೋಣ ಎಂದು ಬರೆದು ಕೊಟ್ಟೆ. ಪತ್ರ ತಲಪಿದೆ ಎಂದು ಕಾರ್ಯದರ್ಶಿಯವರು ಹೇಳಿದರು. ವಿಷಯ ಸ್ವಲ್ಪ ಸೂಕ್ಷ್ಮ, ಕಾರ್ಯಕಾರಿ ಸಮಿತಿಯಲ್ಲಿ ಇಡುತ್ತೇನೆ ಎಂದರು. ಸಮಿತಿ ಎರಡು ಸಲ ಸೇರಿ ಆಗಿದೆ.